ಖರ್ಜದ ತಂತಿ, ಬೇಸ್ ತಂತಿ: ಮುಲುಂಡ್‌ನಿಂದ ಮಿರಜಿಗೆ

ಈ ಸಲದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಬೇಸ್ ಗಿಟಾರ್ ನುಡಿಸಿ ತೋರಿಸಿದ್ದನ್ನು ಇಲ್ಲಿ ಮಾತಲ್ಲೇ ಹೇಳಬೇಕು, ಹಾಗಾಗಿ ಕೆಲವು ಕಡೆ ಸ್ವಲ್ಪ ಹೆಚ್ಚು ಬರೆದಿದ್ದೇನೆ. ತಾಳ್ಮೆ ಇರಲಿ.

ನಮ್ಮ ಮನೆ ಮುಲುಂಡ್ ಪೂರ್ವದಲ್ಲಿ. ಹೈವೇ ದಾಟಿದರೆ ಉಪ್ಪಿನ ಗದ್ದೆ, ಅದರಾಚೆ ಥಾಣೆ ಖಾರಿ. ಜೂನ್ ಬಂತೆಂದರೆ ಮನೆಯಲ್ಲಿ ಕಬ್ಬಿಣ ಅನ್ನೋದು ಯಾವುದೂ ಸುಖವಾಗಿರಲ್ಲ. ಬೀಗ, ಕತ್ತರಿ, ಗಿಟಾರ್ ತಂತಿ ಎಲ್ಲಕ್ಕೂ ತುಕ್ಕು. ಎರಡು ವರ್ಷದಿಂದ ಅದೇ ಕೋಣೆಯಲ್ಲಿ ನನ್ನ ಬೇಸ್ ಪಕ್ಕ ಅವ್ವನ ತಂಬೂರಿಯೂ ಇದೆ. ಧಾರವಾಡದ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಹುಬ್ಬಳ್ಳಿ-ದಾದರ್ ಎಕ್ಸ್‌ಪ್ರೆಸ್‌ನಲ್ಲಿ ತಂದಳು. ಬರ್ತ್ ಮೇಲೆ ತಂಬೂರಿ ಮಲಗಿತ್ತು, ಅವ್ವ ರಾತ್ರಿಯಿಡೀ ಅದರ ಬುರುಡೆ ಹಿಡಿದು ಕೂತಿದ್ದಳು.

ಹೋದ ವರ್ಷ ಒಂದು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಾವು ನಾಲ್ಕು ಜನ ಐಟಿಯವರು ಸೇರಿ ಭಾವಗೀತೆ ನುಡಿಸಿದೆವು. ನಾನು ಹೊಸ ಸ್ಟೇನ್‌ಲೆಸ್ ಸ್ಟೀಲ್ ರೌಂಡ್‌ವೌಂಡ್ ತಂತಿ ಹಾಕಿಸಿಕೊಂಡಿದ್ದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದಾಗ ಪಿಯಾನೋ ಥರ ಹೊಳೆಯುತ್ತಿತ್ತು. ವೇದಿಕೆಯಲ್ಲಿ ಬೆರಳು ಸರಿದಾಗಲೆಲ್ಲ ಕಿರ್ರ್ ಅಂತು. ಮನೆಗೆ ಬಂದಮೇಲೆ ಅವ್ವ ಹೇಳಿದ್ದು ಒಂದೇ ಮಾತು: “ಹಾಡಿಗಿಂತ ನಿನ್ನ ತಂತಿ ಕೆರೆಯೋ ಸಪ್ಪಳನ ಜಾಸ್ತಿ ಕೇಳಸ್ತಲ್ಲೋ ತಮ್ಮಾ.” ಅದೇ ವಾರ ಅವಳ ತಂಬೂರಿಯ ಖರ್ಜದ ತಂತಿ ಕಡಿಯಿತು. ಹೀಗೆ ಒಂದೇ ಮನೆಯಲ್ಲಿ ಎರಡು ತಂತಿಯ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದಾಗ ಎರಡೂ ಒಂದೇ ಪ್ರಶ್ನೆ ಅನ್ನಿಸಿತು.

ಮೊದಲು ಲೆಕ್ಕ. 1636ರಲ್ಲಿ ಫ್ರಾನ್ಸಿನ ಮರಿನ್ ಮರ್ಸೆನ್ ಎಂಬ ಪಾದ್ರಿ ತಂತಿಯ ನಿಯಮ ಬರೆದಿಟ್ಟ. ಶ್ರುತಿ ನಿಲ್ಲುವುದು ಮೂರರ ಮೇಲೆ: ಉದ್ದ, ಬಿಗಿತ, ತೂಕ. ಉದ್ದ ಮತ್ತು ಬಿಗಿತ ಹಾಗೇ ಇಟ್ಟು ಒಂದು ಸ್ಥಾಯಿ ಕೆಳಗಿಳಿಸಬೇಕೆಂದರೆ ತಂತಿಯ ತೂಕ ನಾಲ್ಕು ಪಟ್ಟಾಗಬೇಕು. ಬೇಸ್ ಗಿಟಾರಿನ ಅತಿ ಕೆಳಗಿನ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. 34 ಇಂಚು ಉದ್ದ, ಸುಮಾರು 18 ಕಿಲೋ ಎಳೆತ ಅಂತಿಟ್ಟುಕೊಂಡರೆ ಮೀಟರಿಗೆ ಸುಮಾರು ಮೂವತ್ತೈದು ಗ್ರಾಂ ತೂಕದ ತಂತಿ ಬೇಕು. ಅದನ್ನು ಒಂದೇ ಉಕ್ಕಿನ ಎಳೆಯಲ್ಲಿ ಮಾಡಿದರೆ ದಪ್ಪ ಸುಮಾರು 2.4 ಮಿಲಿಮೀಟರ್. ಅದು ತಂತಿಯಲ್ಲ, ಸರಳು! ಬಾಗಲ್ಲ; ಮೇಲಿನ ಉಪಸ್ವರಗಳೆಲ್ಲ ತಮ್ಮ ಜಾಗ ಬಿಟ್ಟು ಏರಿಬಿಡುತ್ತವೆ; ನಾದ ಸತ್ತಂತಿರುತ್ತದೆ.

ಹಿಂದೆ ಯುರೋಪಿನಲ್ಲಿ ತಂತಿಯನ್ನು ಕುರಿ ಕರುಳಿನಿಂದ ಹೊಸೆಯುತ್ತಿದ್ದರು. ಅಲ್ಲೂ ಇದೇ ತೊಂದರೆ, ಕೆಳಗಿನ ಸ್ವರಕ್ಕೆ ಹಗ್ಗದಷ್ಟು ದಪ್ಪ ಬೇಕು. 1660ರ ಸುಮಾರಿಗೆ ಉಪಾಯ ಸಿಕ್ಕಿತು: ಒಳಗೆ ತೆಳು ಎಳೆ, ಅದರ ಸುತ್ತ ಲೋಹದ ತೆಳು ತಂತಿಯ ಸುತ್ತು. 1664ರಲ್ಲಿ ಲಂಡನ್ನಿನ ಜಾನ್ ಪ್ಲೇಫೋರ್ಡ್ ಪ್ರಕಟಿಸಿದ ಸಂಗೀತ ಪುಸ್ತಕದಲ್ಲಿ ಇಂಥ ತಂತಿಯ ಜಾಹೀರಾತಿದೆ. ತೂಕ ಸಿಗುತ್ತದೆ, ಬಾಗುವ ಗುಣವೂ ಉಳಿಯುತ್ತದೆ. ಇವತ್ತಿನ ಬೇಸ್ ತಂತಿಯೂ ಅದೇ. ನಾವು ಅಂಗಡಿಯಲ್ಲಿ ಆರಿಸುವುದು ಬಹುಮಟ್ಟಿಗೆ ಆ ಹೊರಸುತ್ತನ್ನೇ.

1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದ. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುವವರಿಗೆ ಹೆಗಲಿಗೆ ಹಾಕಿಕೊಳ್ಳುವ ಬೇಸ್ ಸಿಕ್ಕಿತು. ಆಗ ಅದಕ್ಕೆ ಹಾಕುತ್ತಿದ್ದದ್ದು ಫ್ಲಾಟ್‌ವೌಂಡ್, ಅಂದ್ರೆ ಹೊರಸುತ್ತು ಚಪ್ಪಟೆ ಪಟ್ಟಿಯದ್ದು. ಕೈಗೆ ನುಣುಪು, ಸಪ್ಪಳ ಕಡಿಮೆ, ‘ಧಂ’ ಅಂದು ಬೇಗ ಅಡಗುವ ನಾದ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಇಂಥ ದಪ್ಪ ಫ್ಲಾಟ್‌ವೌಂಡ್ ಹಾಕಿಕೊಂಡು, ಬಲಗೈಯ ಒಂದೇ ಬೆರಳಲ್ಲಿ ನುಡಿಸುತ್ತಿದ್ದ. ತಂತಿ ಕಡಿಯುವ ತನಕ ಬದಲಾಯಿಸುತ್ತಿರಲಿಲ್ಲ. ಹಳೆಯ ತಂತಿಯಲ್ಲಿ ಉಪಸ್ವರ ಕಮ್ಮಿ, ಮೂಲಸ್ವರ ಜಾಸ್ತಿ. ಅದರ ಮೇಲೆ ಹಾಡುವವರಿಗೆ ಪೂರ್ತಿ ಜಾಗ. ಗಮನಿಸಿ, ಆ ಹಾಡುಗಳಲ್ಲಿ ಬೇಸ್ ಸುಮ್ಮನೆ ಕೂತಿಲ್ಲ, ಸಿಕ್ಕಾಪಟ್ಟೆ ಓಡಾಡುತ್ತದೆ. ಆದರೂ ದನಿಗೆ ಅಡ್ಡ ಬರಲ್ಲ.

ಇಂಗ್ಲೆಂಡಿನ ಜಾನ್ ಎಂಟ್ವಿಸಲ್‌ಗೆ ಬೇಕಾಗಿದ್ದು ಇದರ ತದ್ವಿರುದ್ಧ. ‘ದ ಹೂ’ ತಂಡದ ಗದ್ದಲದಲ್ಲಿ ಬೇಸ್ ಕೇಳಿಸಬೇಕಿತ್ತು. 1966ರಲ್ಲಿ ಅವನು ರೋಟೋಸೌಂಡ್‌ನ ಜೇಮ್ಸ್ ಹೌ ಜೊತೆ ಕೂತು, ಪಿಯಾನೋ ಹಾಗೆ ಝಣ್ ಅನ್ನುವ ರೌಂಡ್‌ವೌಂಡ್ ಮಾಡಿಸಿಕೊಂಡ. ಹೊರಸುತ್ತು ಗುಂಡು ತಂತಿಯದ್ದು, ಹೊಳಪು ಜಾಸ್ತಿ, ಗುಂಯ್‌ಗುಡುವುದೂ ಹೆಚ್ಚು ಹೊತ್ತು. ಹತ್ತು ವರ್ಷದಲ್ಲಿ ಜಾಕೋ ಪಾಸ್ಟೋರಿಯಸ್ ಅದನ್ನೇ ಫ್ರೆಟ್ ಇಲ್ಲದ ಬೇಸಿಗೆ ಹಾಕಿದ. ಒರಟು ತಂತಿ ಮರವನ್ನು ತಿನ್ನುತ್ತದೆ ಅಂತ ಫಿಂಗರ್‌ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದುಕೊಂಡ. ನನಗೆ ಆ ಹುಚ್ಚು ಇಷ್ಟ, ನಮ್ಮ ಮನೆಮಾಲೀಕರಿಗೆ ಇಷ್ಟ ಆಗಲಿಕ್ಕಿಲ್ಲ.

ಕೊಳ್ಳುವವರಿಗೆ ಬೇಗ ಹೇಳಿ ಮುಗಿಸುತ್ತೇನೆ. ರಾಕ್, ಸ್ಲ್ಯಾಪ್ ನುಡಿಸುವವರು ಸ್ಟೀಲ್ ರೌಂಡ್‌ವೌಂಡ್ ತಗೊಳ್ಳಿ. ಎಲ್ಲಕ್ಕೂ ಒಂದೇ ಬೇಸ್ ಇದ್ದರೆ ನಿಕಲ್ ಲೇಪದ ರೌಂಡ್‌ವೌಂಡ್, 45ರಿಂದ 105ರ ಸೆಟ್ (ಇಂಚಿನ ಸಾವಿರದ ಲೆಕ್ಕ). ಭಾವಗೀತೆ, ಗಜಲ್, ಹಳೆಯ ಸಿನಿಮಾ ಹಾಡಿಗೆ ಫ್ಲಾಟ್‌ವೌಂಡ್, ಇಲ್ಲವೇ ಕಪ್ಪು ನೈಲಾನ್ ಸುತ್ತಿದ ಟೇಪ್‌ವೌಂಡ್. ಇದು ಡಬಲ್ ಬೇಸ್‌ಗೆ ಹತ್ತಿರ. ಫ್ಲಾಟ್‌ವೌಂಡ್ ದುಬಾರಿ, ಆದರೆ ವರ್ಷಗಟ್ಟಲೆ ಬರುತ್ತದೆ. ಬಿಗಿತ ಸಾಮಾನ್ಯವಾಗಿ ಜಾಸ್ತಿ, ಹಾಕಿದ ಮೇಲೆ ಕತ್ತಿನೊಳಗಿನ ಟ್ರಸ್ ರಾಡ್ ಒಮ್ಮೆ ನೋಡಿಸಿ. ಮುಲುಂಡ್, ಥಾಣೆ, ವಾಶಿಯಲ್ಲಿ ಇರುವವರು ಪಾಲಿಮರ್ ಲೇಪದ ತಂತಿ ನೋಡಬಹುದು. ಅದೂ ಬೇಡವೆಂದರೆ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ನಾನು ಒರೆಸುತ್ತಿರಲಿಲ್ಲ.

ನಾನು ತಂತಿ ತಂದದ್ದು ಧೋಬಿ ತಲಾವ್‌ನ ಫುರ್ಟಾಡೋಸ್‌ನಿಂದ, 1865ರಿಂದ ಇರುವ ಅಂಗಡಿ. ಗೋವಾದಿಂದ ಬಂದ ವಾದಕರು ಇಳಿದುಕೊಳ್ಳುತ್ತಿದ್ದ ‘ಕೂಡ್’ಗಳು ಇದ್ದದ್ದೂ ಅದೇ ಪ್ರದೇಶದಲ್ಲಿ. ನಾವು ಈಗ ಪಿಜಿಯಲ್ಲಿ ಇರುತ್ತೇವಲ್ಲ, ಹಾಗೆ ಒಂದೊಂದು ಊರಿನವರಿಗೆ ಒಂದೊಂದು ಕೂಡ್. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗೋವಾದವರು ತುಂಬಿದ್ದರು. ಆರ್.ಡಿ. ಬರ್ಮನ್ ತಂಡದಲ್ಲಿ ಬೇಸ್ ಹಿಡಿದಿದ್ದ ಟೋನಿ ವಾಜ್ ನುಡಿಸಿದ್ದನ್ನು ಇಯರ್‌ಫೋನಿನಲ್ಲಿ ಕೇಳಿ, ಹಾಡಿನೊಳಗೆ ಇನ್ನೊಂದು ಹಾಡು. ಆದರೆ ನಮ್ಮ ಅಪ್ಪ ಅವ್ವ ಇದನ್ನೆಲ್ಲ ಕೇಳಿದ್ದು ಅಂಗೈ ಅಗಲದ ಸ್ಪೀಕರಿನ ರೇಡಿಯೋದಲ್ಲಿ. ಅದರಿಂದ 41 ಹರ್ಟ್ಸ್ ಹೊರಡುವುದೇ ಇಲ್ಲ! ಕಿವಿ ಉಪಸ್ವರಗಳನ್ನು ಕೇಳಿ, ಕೆಳಗಿನ ಸ್ವರ ಇದೆ ಅಂತ ತಾನೇ ತುಂಬಿಕೊಳ್ಳುತ್ತದೆ. ಕೆಳಗಿನ ಸ್ವರಕ್ಕೆ ಎಷ್ಟು ಉಪಸ್ವರ ಬೇಕು? ತಂತಿಯ ಪ್ರಶ್ನೆ ಅಂದ್ರೆ ಇಷ್ಟೇ.

ಇದೇ ಪ್ರಶ್ನೆಗೆ ಮಿರಜ್ ಬೇರೆ ಉತ್ತರ ಕೊಟ್ಟಿತ್ತು.

ಹುಬ್ಬಳ್ಳಿ ರೈಲಿನಲ್ಲಿ ಹೋಗುವ ನಮಗೆಲ್ಲ ಮಿರಜ್ ಅಂದ್ರೆ ಚಹಾ ಕುಡಿಯುವ ಜಂಕ್ಷನ್. 1850ರ ಸುಮಾರಿಗೆ ಅಲ್ಲಿ ಆಯುಧ ಮಸೆಯುವ ಶಿಕಲಗಾರ ಮನೆತನದ ಫರೀದ್‌ಸಾಹೇಬ್ ತಂಬೂರಿ, ಸಿತಾರ್ ಮಾಡಲು ಶುರುಮಾಡಿದರು. ಸಂಸ್ಥಾನಗಳ ಕಾಲ ಇಳಿದು ಕತ್ತಿಗೆ ಗಿರಾಕಿ ಕಡಿಮೆಯಾಗಿದ್ದ ಹೊತ್ತು. ಮಿರಜಿನ ಪಟವರ್ಧನ ಅರಸರ ಆಶ್ರಯ ಸಿಕ್ಕಿತು. ಮನೆತನದ ಹೆಸರೇ ಸಿತಾರ್‌ಮೇಕರ್ ಆಯಿತು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಜಿಐ ಮಾನ್ಯತೆಯೂ ಬಂತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ನೆಲೆಸಿದ ಊರೂ ಅದೇ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ನಮ್ಮ ಧಾರವಾಡ ಸೀಮೆಯ ಗಾಯನದ ಬೆನ್ನ ಹಿಂದೆ ಕೇಳುವ ಝೇಂಕಾರದಲ್ಲಿ ಈ ಊರಿನ ಪಾಲು ದೊಡ್ಡದು.

ತಂಬೂರಿಯ ನಾಲ್ಕನೇ ತಂತಿ ಖರ್ಜ, ಮಂದ್ರದ ಷಡ್ಜ, ಹಿತ್ತಾಳೆಯದ್ದು. ಅದೇ ನಮ್ಮ ಬೇಸ್. ಸುತ್ತು ಇಲ್ಲ, ಒಂಟಿ ಎಳೆ. ಅಷ್ಟಿದ್ದೂ ಸಪ್ಪೆಯಾಗಲ್ಲ. ಮೊದಲ ಕಾರಣ ಉದ್ದ: ಹತ್ತಿರ ಹತ್ತಿರ ಒಂದು ಮೀಟರ್ ತಂತಿ, ಬಿಗಿತವೂ ಬೇಸಿನ ಮೂರರಲ್ಲೊಂದು ಪಾಲಿನಷ್ಟು. ಎರಡನೆಯದು ಕುದುರೆ. ಅದರ ಮೇಲ್ಮೈ ಚಪ್ಪಟೆಯಾಗಿ, ಸ್ವಲ್ಪವೇ ಬಾಗಿರುತ್ತದೆ. ತಂತಿ ಕಂಪಿಸುವಾಗ ಅದನ್ನು ಸವರುತ್ತಾ ಏಳುತ್ತದೆ. ಕೆಳಗೊಂದು ನೂಲಿನ ಎಳೆ ಸರಿಸಿ ಆ ಸವರುವಿಕೆಯನ್ನು ಹದ ಮಾಡುತ್ತಾರೆ. ಇದು ಜವಾರಿ. (ನಮ್ಮ ಕಡೆಯ ಜವಾರಿ ಸೌತಿಕಾಯಿಗೂ ಇದಕ್ಕೂ ಸಂಬಂಧ ಇಲ್ಲ, ಚಿಕ್ಕವನಿದ್ದಾಗ ನಾನು ಇದೆ ಅಂದುಕೊಂಡಿದ್ದೆ.) 1921ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಈ ಬಗ್ಗೆ ಪ್ರಬಂಧ ಬರೆದರು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದ ಉಪಸ್ವರಗಳು ಹುಟ್ಟಬಾರದು ಅನ್ನುವುದು ಹಳೆಯ ನಿಯಮ. ತಂಬೂರಿಯಲ್ಲಿ ಅವೂ ಹುಟ್ಟುತ್ತವೆ, ಕುದುರೆ ಹುಟ್ಟಿಸುತ್ತದೆ. ಎಂಟ್ವಿಸಲ್ ತಂತಿ ಬದಲಿಸಿ ಪಡೆದ ಹೊಳಪನ್ನು ನಮ್ಮವರು ಕುದುರೆ ಕೆತ್ತಿ ಪಡೆದಿದ್ದರು.

ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ತಂಬೂರಿ ಹೊತ್ತು ಮಿರಜಿನಲ್ಲಿ ಇಳಿದೆವು. ಅಂಗಡಿಯ ಅಜ್ಜ ಮರಾಠಿಯಲ್ಲಿ ಶುರುಮಾಡಿ, ಧಾರವಾಡ ಅಂದ ಕೂಡಲೇ ಕನ್ನಡಕ್ಕೆ ಬಂದರು. ನಾನು ಬೇಸ್ ಕೊಳ್ಳುವ ಅಭ್ಯಾಸದಲ್ಲಿ ಯಾವ ಕಂಪನಿ ತಂತಿ ಅಂತ ಕೇಳಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

“ಅಕ್ಕಾರ, ಪಟ್ಟಿ ಯಾವುದ್ರಿ?”

“ಕಾಳಿ ನಾಕು,” ಅಂದಳು ಅವ್ವ.

ಅಜ್ಜ ಉಳಿದ ಮೂರು ತಂತಿ ಮೀಟಿದರು, ಬೆರಳಲ್ಲಿ ಒತ್ತಿ ನೋಡಿದರು. “ಇವು ಬಾಳ ದಿನದಿಂದ ಸಡಿಲ ಅದಾವ್ರಿ. ಆಗಾಗ ಎಳದು ಬಿಗಿ ಮಾಡೀರಿ, ಮತ್ತ ಬಿಟ್ಟೀರಿ.”

ಅವ್ವ ಮಾತಾಡಲಿಲ್ಲ. ನನಗೆ ಆಗ ಹೊಳೆಯಿತು. ಒಬ್ಬಳೇ ಇದ್ದಾಗ ತಂಬೂರಿ ಇಳಿಸಿಕೊಂಡು ಹಾಡುತ್ತಿದ್ದಳು, ಯಾರಾದರೂ ಬಂದರೆ ಹಳೆಯ ಶ್ರುತಿಗೆ ಏರಿಸುತ್ತಿದ್ದಳು. ಉಪ್ಪುಗಾಳಿಗೆ ಮೊದಲೇ ಸೋತಿದ್ದ ಖರ್ಜ ಹಾಗೆ ಕಡಿದಿತ್ತು. ಬಾಗಿಲಾಚೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನಗೆ ಎರಡು ವರ್ಷ ಇದು ಕೇಳಿಸಿರಲಿಲ್ಲ.

ಅವಳಿಗೀಗ ಸಲೀಸಾಗುವುದು ಬಿಳಿ ಮೂರು. ಕಾಳಿ ನಾಲ್ಕರಿಂದ ನಾಲ್ಕು ಮನೆ ಕೆಳಗೆ. ಅಷ್ಟು ಇಳಿಸಿದರೆ ಅದೇ ತಂತಿಯ ಬಿಗಿತ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಾಗುತ್ತದೆ; ತಂತಿ ಕುದುರೆಯನ್ನು ಸವರುವ ಬದಲು ಬಡಿಯುತ್ತದೆ. ಬಿಗಿತ ಉಳಿಯಬೇಕೆಂದರೆ ತಂತಿ ಕಾಲುಭಾಗ ದಪ್ಪವಾಗಬೇಕು. ನಾನು ಮೊಬೈಲಿನಲ್ಲಿ ಲೆಕ್ಕ ಮಾಡುವಷ್ಟರಲ್ಲಿ ಅಜ್ಜ ಕೈಯಲ್ಲೇ ಸುರುಳಿ ಆರಿಸಿ ತೆಗೆದಿದ್ದರು. ಅಲ್ಲಿ ತಂತಿಯ ನಂಬರು ತಿರುವುಮುರುವು, ನಂಬರು ಇಳಿದಷ್ಟೂ ದಪ್ಪ. ಮೊದಲನೆಯ ಪಂಚಮದ ಉಕ್ಕಿನ ತಂತಿ ತೆಗೆದು ಕಂಚಿನದು ಹಾಕೋಣ ಅಂದರು.

“ಅದು ಗಂಡಸರ ತಂತಿ,” ಅಂದಳು ಅವ್ವ. “ನನಗ ಬ್ಯಾಡ್ರಿ.”

ನಾನು ಗಂಗೂಬಾಯಿಯವರ ಹೆಸರು ತೆಗೆದೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತವರು. 1930ರ ದಶಕದ ಅವರ ಮುದ್ರಿಕೆಗಳಲ್ಲಿ ತೆಳ್ಳಗಿನ ಹೆಣ್ಣುದನಿ ಇದೆ. ಆಮೇಲೆ ಟಾನ್ಸಿಲ್ ಚಿಕಿತ್ಸೆಯಾಗಿ ದನಿ ಇಳಿಯಿತು, ಗಡುಸಾಯಿತು. ಲೋಕಕ್ಕೆ ಗೊತ್ತಿರುವ ಗಂಗೂಬಾಯಿ ಆ ಎರಡನೆಯ ದನಿಯವರು.

“ಆಕಿ ಗಂಗೂಬಾಯಿ,” ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು ಅಜ್ಜನಿಗೆ, “ಹಾಕ್ರಿ. ಕೇಳೂಣಂತ,” ಅಂದಳು.

ಮುಲುಂಡಿಗೆ ಬಂದ ಮೇಲೆ ನಾನು ಸ್ಟೀಲ್ ರೌಂಡ್‌ವೌಂಡ್ ಬಿಚ್ಚಿ ಫ್ಲಾಟ್‌ವೌಂಡ್ ಹಾಕಿದೆ. ಬಿಳಿ ಮೂರು ಅಂದ್ರೆ ‘ಇ’. ಅವ್ವನ ಖರ್ಜ ಈಗ ನನ್ನ ಅತಿ ಕೆಳಗಿನ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ. ಟ್ಯೂನರ್ ಆಪ್ ತೆಗೆಯುವ ಮೊದಲು ಬೆಳಗ್ಗೆ ಅವಳು ಮೀಟುವುದನ್ನೇ ಕಾಯುತ್ತೇನೆ. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಹಗುರ ಮುಟ್ಟಿಸಿದರೆ ಎರಡೂ ಒಂದೇ ಸ್ವರ. ಸೇರದಿದ್ದರೆ ನಡುವೆ ಒಂದು ಅಲೆ ಏಳುತ್ತದೆ, ಊಂ-ಊಂ ಅಂತ. ಬಾಗಿಲಾಚೆಯಿಂದ ಅವ್ವ ಕೂಗುತ್ತಾಳೆ: “ಇನ್ನಾ ಒಂಚೂರು ಏರಸೋ.”