ಕಣ್ಣಿಗೆ ಕಾಣುವ ಕಾಲ: ಗಳಿಗೆ ಬಟ್ಟಲಿನಿಂದ ಪವರ್‌ಪಾಯಿಂಟ್‌ವರೆಗೆ



“ಇನ್ನು ಐದೇ ನಿಮಿಷ!” ಎಂದು ಪರೀಕ್ಷಾ ಕೊಠಡಿಯಲ್ಲಿ ಮೇಷ್ಟ್ರು ಕೂಗಿದಾಗ ನಿಮ್ಮ ಕೈ ನಡುಗಿದ್ದುಂಟೇ? ಆ ಐದು ನಿಮಿಷ ಅವರ ಕೈಗಡಿಯಾರದಲ್ಲಿದೆ, ನಿಮಗೆ ಕಾಣುವುದಿಲ್ಲ. ಉಳಿದಿರುವ ಕಾಲ ಎಲ್ಲರಿಗೂ ಕಾಣಬೇಕೆಂಬ ಆಲೋಚನೆಗೆ ದೊಡ್ಡ ಇತಿಹಾಸವಿದೆ.

ಪ್ರಾಚೀನ ಅಥೆನ್ಸ್‌ನ ನ್ಯಾಯಾಲಯಗಳಲ್ಲಿ ಮಾತಿಗೆ ನೀರೇ ಅಳತೆಯಾಗಿತ್ತು. ತೂತಿನ ಮಡಕೆಯಿಂದ ನೀರು ಸುರಿದು ಮುಗಿದರೆ ಮಾತೂ ಮುಗಿಯಬೇಕು. ಉತ್ಖನನದಲ್ಲಿ ದೊರೆತ ಕ್ರಿ.ಪೂ. 5ನೇ ಶತಮಾನದ ಅಂಥ ಒಂದು ಮಡಕೆ ಸುಮಾರು 6 ನಿಮಿಷದಲ್ಲಿ ಖಾಲಿಯಾಗುತ್ತದೆ. ವಾದಿಗೂ ಪ್ರತಿವಾದಿಗೂ ನೀರು ಸಮಸಮ.

ನಮ್ಮ ದೇಶದಲ್ಲಿ ತೂತಿನ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಲು 24 ನಿಮಿಷ, ಅಂದರೆ ಒಂದು ಗಳಿಗೆ. ದಿನಕ್ಕೆ 60 ಗಳಿಗೆ. ಕನ್ನಡದ ‘ಗಳಿಗೆ’, ಉರ್ದುವಿನ ‘ಘಡಿ’ ಎರಡೂ ಸಂಸ್ಕೃತದ ‘ಘಟಿಕಾ’ ಎಂಬ ಒಂದೇ ತಾಯಿಯ ಮಕ್ಕಳು.

ಅಲ್ ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ಆನೆ ಗಡಿಯಾರವೊಂದಿದೆ. ಆನೆಯ ಹೊಟ್ಟೆಯೊಳಗೆ ಮುಳುಗುವುದು ಇಂಥದೇ ಬಟ್ಟಲು. ಮೇಲೆ ಕುಳಿತ ಲಿಪಿಕಾರನ ಗೊಂಬೆ ಮೆಲ್ಲಗೆ ತಿರುಗುತ್ತಾ, ಅರ್ಧ ಗಂಟೆಯಲ್ಲಿ ಎಷ್ಟು ಕಳೆಯಿತೆಂದು ಲೇಖನಿಯಿಂದ ತೋರಿಸುತ್ತದೆ.

ಹಿಂದೂಸ್ತಾನದಲ್ಲಿ ಗಳಿಗೆಗೊಮ್ಮೆ ಜಾಗಟೆ ಬಾರಿಸುವುದನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ವರ್ಣಿಸಿದ್ದಾನೆ. ರಾತ್ರಿ ಎಚ್ಚರವಾದವನಿಗೆ ಇದು ಯಾವ ಜಾವವೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಗಳಿಗೆಯ ಜೊತೆಗೆ ಜಾವದ ಲೆಕ್ಕವನ್ನೂ ಬಾರಿಸಲು ಆತ ಆಜ್ಞಾಪಿಸಿದ.

ಇನ್ನು ನಮ್ಮ ಕಾಲಕ್ಕೆ ಬರೋಣ. 1987ರಲ್ಲಿ ಪವರ್‌ಪಾಯಿಂಟ್ ಮೊದಲು ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಬಂತು. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅದು ಹುಟ್ಟಿದ್ದು ಕಚೇರಿಯ ಸಭೆಗಳಿಗಾಗಿ. ಆದರೆ ಅದರ ಅನಿಮೇಷನ್ ಸೌಲಭ್ಯವನ್ನು ಶಿಕ್ಷಕರು ಗಡಿಯಾರವನ್ನಾಗಿ ಮಾಡಿಕೊಂಡರು. ಸ್ಲೈಡಿನಲ್ಲಿ ಉದ್ದನೆಯ ಬಣ್ಣದ ಪಟ್ಟಿ ಬರೆಯಿರಿ. ಅದಕ್ಕೆ ‘ಎಕ್ಸಿಟ್’ ವಿಭಾಗದ ‘ವೈಪ್’ ಕೊಟ್ಟು, ಅವಧಿಯನ್ನು 300 ಸೆಕೆಂಡಿಗೆ ಇಡಿ. ಪಟ್ಟಿ ಒಂದು ತುದಿಯಿಂದ ಕರಗುತ್ತಾ 5 ನಿಮಿಷಕ್ಕೆ ಮಾಯವಾಗುತ್ತದೆ. ಅಂಕಿ ಓದಲು ಬಾರದ ಮಗುವಿಗೂ ಇದು ಅರ್ಥವಾಗುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ಹತ್ತು ನಿಮಿಷ ಎಂದು ಹೇಳಿ ಎಂಟಕ್ಕೇ ಪುಸ್ತಕ ಕೇಳಿದವನು ನಾನು. ನಿಧಾನವಾಗಿ ಬರೆಯುವ ಮಕ್ಕಳು ಅರ್ಧ ವಾಕ್ಯಕ್ಕೇ ಪೆನ್ನು ಕೆಳಗಿಡುತ್ತಿದ್ದರು. ಪಟ್ಟಿ ಗೋಡೆಯ ಮೇಲೆ ಬಂದ ದಿನ ಹಿಂದಿನ ಬೆಂಚಿನಿಂದ ಒಂದು ದನಿ ಕೇಳಿತು: “ಸಾರ್, ಇನ್ನೂ ಉಳಿದಿದೆ!” ನಾನು ಸುಮ್ಮನೆ ಕುಳಿತೆ. ಅಥೆನ್ಸ್‌ನ ಮಡಕೆಯಂತೆ ಈ ಪಟ್ಟಿಯೂ ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ.

ನಿಮ್ಮಲ್ಲಿ ಹಲವರು ನಾಳೆ ಶಿಕ್ಷಕರಾಗುವಿರಿ. ಕಂಪ್ಯೂಟರ್ ಇರಲಿ, ತೂತಿನ ಬಟ್ಟಲೇ ಇರಲಿ, ಮಕ್ಕಳಿಗೆ ಕೊಟ್ಟ ಕಾಲವನ್ನು ಅವರ ಕಣ್ಣೆದುರೇ ಇಡಿ. ಕೊಟ್ಟಷ್ಟನ್ನೂ ಪೂರ್ತಿ ಕೊಡಿ.