ಶಾಲಾಮಕ್ಕಳ ಬೆನ್ನುನೋವು ತಡೆ

ಶಾಲಾಮಕ್ಕಳ ಬೆನ್ನು, ಕುತ್ತಿಗೆ, ಹೆಗಲುಗಳ ಮೇಲಿನ ಒತ್ತಡವನ್ನು ಪಾಟಿಚೀಲದ ತೂಕ, ಕೂರುವ ಭಂಗಿ ಹಾಗೂ ಆಟೋಟಗಳ ಮೂಲಕ ಹತೋಟಿಯಲ್ಲಿಡುವ ಕ್ರಮ. ಭಾರ ಹೊತ್ತ ಮಗು ಸಮತೋಲಕ್ಕಾಗಿ ಮುಂದಕ್ಕೆ ಬಾಗುತ್ತದೆ. ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿದರೆ ಮೈ ಒಂದು ಬದಿಗೆ ವಾಲುತ್ತದೆ. ಆದರೆ ಚೀಲವೊಂದನ್ನೇ ದೂರುವುದು ಸರಿಯಲ್ಲ. ಗಂಟೆಗಟ್ಟಲೆ ಅಲುಗಾಡದೆ ಕೂರುವುದು, ಎತ್ತರಕ್ಕೆ ಹೊಂದದ ಬೆಂಚು, ಆಟದ ಕೊರತೆ ಕೂಡ ಬೆನ್ನನ್ನು ದಣಿಸುತ್ತವೆ.

ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲೇ ಪಾಟಿಚೀಲದ ಹೊರೆಯನ್ನು ಪ್ರಸ್ತಾಪಿಸಿದರು. ಶಾಲಾಮಕ್ಕಳ ಹೊರೆ ಕುರಿತ ಯಶಪಾಲ್ ಸಮಿತಿ 1993ರಲ್ಲಿ ವರದಿ ನೀಡಿತು. ಕರ್ನಾಟಕ ಸರ್ಕಾರದ 2019ರ ಮೇ ತಿಂಗಳ ಆದೇಶದಂತೆ ಚೀಲದ ತೂಕ 1–2ನೇ ತರಗತಿಗೆ 1.5ರಿಂದ 2 ಕಿಲೋ, 3–5ಕ್ಕೆ 2ರಿಂದ 3, 6–8ಕ್ಕೆ 3ರಿಂದ 4, 9–10ಕ್ಕೆ 4ರಿಂದ 5 ಕಿಲೋ ಮೀರಬಾರದು. ತಿಂಗಳ ಮೂರನೇ ಶನಿವಾರ ಚೀಲರಹಿತ ದಿನ. ಆದೇಶವನ್ನು 2023ರಲ್ಲಿ ಮತ್ತೆ ಹೊರಡಿಸಲಾಯಿತು.

ಆದೇಶದ ಪಾಲನೆಗೆ ಶಾಲೆಯಲ್ಲೇ ಕುಡಿಯುವ ನೀರು ಸಿಗುವುದು ಮುಖ್ಯ: ಮನೆಯಿಂದ ತರುವ ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಅಂದರೆ ಒಂದನೇ ತರಗತಿಯ ಗರಿಷ್ಠ ಮಿತಿಯ ಅರ್ಧ. ವೇಳಾಪಟ್ಟಿಯಂತೆ ಪುಸ್ತಕ ತರಿಸುವುದು, ತರಗತಿಯಲ್ಲಿ ಕಪಾಟು, ಎರಡೂ ಹೆಗಲಿಗೆ ಅಗಲ ಪಟ್ಟಿ, ಭಾರದ ಪುಸ್ತಕ ಬೆನ್ನಿಗೆ ಒತ್ತಿರುವಂತೆ ಜೋಡಿಸುವುದು ಉಳಿದ ಕ್ರಮಗಳು. ರಾತ್ರಿ ನಿದ್ದೆ ಕೆಡಿಸುವ ನೋವು, ಜೊತೆಗೆ ಜ್ವರ ಅಥವಾ ಕಾಲಿನ ಬಲಹೀನತೆ ಕಂಡರೆ ತಡಮಾಡದೆ ವೈದ್ಯರ ತಪಾಸಣೆ ಅಗತ್ಯ.