ಪರೀಕ್ಷೆ: ಮಗುವಿಗೋ, ಪಾಠಕ್ಕೋ?

'ಪರೀಕ್ಷೆ' ಎಂಬ ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಅಂಜುವಂಥದೇನೂ ಇಲ್ಲ. 'ಪರಿ' ಎಂದರೆ ಸುತ್ತಲೂ. 'ಈಕ್ಷೆ' ಎಂದರೆ ನೋಟ. ಒಂದು ವಸ್ತುವನ್ನು ಎಲ್ಲ ಕಡೆಯಿಂದಲೂ ನೋಡುವುದೇ ಪರೀಕ್ಷೆ. ಆದರೆ ನಮ್ಮ ಶಾಲೆಗಳಲ್ಲಿ ಈ ನೋಟ ಬಹುಕಾಲದಿಂದ ಒಂದೇ ದಿಕ್ಕಿಗೆ, ಬೆಂಚಿನ ಮೇಲೆ ಕುಳಿತ ಮಗುವಿನ ಕಡೆಗೆ, ತಿರುಗಿ ನಿಂತಿದೆ. ಮಗು ಎಷ್ಟು ಕಲಿತಿತು ಎಂದು ಕೇಳುತ್ತೇವೆ. ನಾವು ಕಲಿಸಿದ ಬಗೆ ಕಲಿಯುವುದಕ್ಕೆ ಅನುಕೂಲವಾಗಿತ್ತೇ ಎಂದು ಕೇಳುವುದು ಅಪರೂಪ. ಈ ಎರಡನೆಯ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದನ್ನು ಕೇಳಿದವರು ಯಾರು, ಕೇಳಿ ಕಂಡದ್ದೇನು, ಅದು ನಮ್ಮ ನಾಡಿಗೆ ಬಂದದ್ದು ಹೇಗೆ ಎಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಭಾಷಣದ ಉದ್ದೇಶ.

ಕಲಿಸುವಿಕೆಯನ್ನು ಅಳೆಯಬೇಕೆಂಬ ಒಂದು ದೊಡ್ಡ ಪ್ರಯತ್ನ ಇಂಗ್ಲೆಂಡಿನಲ್ಲಿ ನಡೆಯಿತು. ಅದೂ ಹಣದ ಲೆಕ್ಕದ ರೂಪದಲ್ಲಿ. 1862ರಲ್ಲಿ ಅಲ್ಲಿ ಪರಿಷ್ಕೃತ ಶಿಕ್ಷಣ ಸಂಹಿತೆಯೊಂದು ಜಾರಿಗೆ ಬಂದಿತು. ಅದರ ಪ್ರವರ್ತಕ ರಾಬರ್ಟ್ ಲೋ. ಶಾಲೆಯ ಮಗುವೊಂದಕ್ಕೆ ವರ್ಷಕ್ಕೆ ಹನ್ನೆರಡು ಶಿಲಿಂಗ್ ಅನುದಾನ. ಅದರಲ್ಲಿ ನಾಲ್ಕು ಶಿಲಿಂಗ್ ಹಾಜರಿಗೆ. ಉಳಿದ ಎಂಟು ಶಿಲಿಂಗ್ ಇನ್‌ಸ್ಪೆಕ್ಟರು ಬಂದು ನಡೆಸುವ ಪರೀಕ್ಷೆಗೆ ಬದ್ಧ. ಓದು, ಬರಹ, ಲೆಕ್ಕ ಈ ಮೂರರಲ್ಲಿ ಮಗು ಒಂದರಲ್ಲಿ ತಪ್ಪಿದರೆ ಎರಡು ಶಿಲಿಂಗ್ ಎಂಟು ಪೆನ್ಸ್ ಕಡಿತ. ಈ ಏರ್ಪಾಟಿನಿಂದ ಶಿಕ್ಷಣ ಅಗ್ಗವಾಗದಿದ್ದರೆ ದಕ್ಷವಾಗುತ್ತದೆ, ದಕ್ಷವಾಗದಿದ್ದರೆ ಅಗ್ಗವಾಗುತ್ತದೆ ಎಂದು ಲೋ ಪಾರ್ಲಿಮೆಂಟಿಗೆ ಭರವಸೆ ಕೊಟ್ಟರು. ಮಗುವಿನ ಮೂಲಕ ಗುರುವನ್ನೇ ಪರೀಕ್ಷಿಸುವ ಉಪಾಯವಿದು. ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ.

ಆ ಕಾಲದ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬರ ಹೆಸರು ಸಾಹಿತ್ಯಾಸಕ್ತರೆಲ್ಲರಿಗೂ ಪರಿಚಿತ. ಅವರೇ ಕವಿ ಮ್ಯಾಥ್ಯೂ ಆರ್ನಲ್ಡ್. ಕಾವ್ಯಕ್ಕೆ ಒರೆಗಲ್ಲು ಯಾವುದೆಂದು ಚರ್ಚಿಸಿದ ಈ ವಿಮರ್ಶಕ 1851ರಿಂದ 1886ರವರೆಗೆ, ಮೂವತ್ತೈದು ವರ್ಷ, ಶಾಲೆಯಿಂದ ಶಾಲೆಗೆ ತಿರುಗಿ ಮಕ್ಕಳ ಓದನ್ನು ಕೇಳಿದವರು. ಲೋ ಅವರ ವ್ಯವಸ್ಥೆಯನ್ನು ಅದರ ನೌಕರರಾಗಿದ್ದುಕೊಂಡೇ ಅವರು ಖಂಡಿಸಿದರು. ಜಾಣತನದಿಂದ ಸಿದ್ಧಗೊಳಿಸಿದರೆ, ಓದಲು ಬಾರದ ಮಗುವನ್ನು ಓದಿನಲ್ಲಿಯೂ, ಲೆಕ್ಕ ತಿಳಿಯದ ಮಗುವನ್ನು ಲೆಕ್ಕದಲ್ಲಿಯೂ ತೇರ್ಗಡೆ ಮಾಡಿಸುವುದು ಸಾಧ್ಯವಾಗಿದೆ ಎಂದು 1867ರ ವರದಿಯಲ್ಲಿ ಬರೆದರು. ವರ್ಷವಿಡೀ ಒಂದೇ ಪುಸ್ತಕವನ್ನು ತಿರುವಿ ತಿರುವಿ ಬಾಯಿಪಾಠ ಮಾಡಿಸಿದರೆ ಆಯಿತು. ಇನ್‌ಸ್ಪೆಕ್ಟರು ಬಂದ ದಿನ ಮಗು ನಿರರ್ಗಳವಾಗಿ ಓದಿದಂತೆ ತೋರುತ್ತದೆ. ಗುರುವಿನ ಅನ್ನಕ್ಕೂ ಮಗುವಿನ ಉತ್ತರಕ್ಕೂ ಗಂಟು ಹಾಕಿದಾಗ ಗುರು ಪಾಠವನ್ನು ತಿದ್ದಿಕೊಳ್ಳಲಿಲ್ಲ. ಪರೀಕ್ಷೆಯ ದಿನವನ್ನು ದಾಟುವ ಯುಕ್ತಿಯನ್ನು ಕಲಿತುಕೊಂಡ. 1890ರ ದಶಕದಲ್ಲಿ ಇಂಗ್ಲೆಂಡು ಈ ಪದ್ಧತಿಯನ್ನು ಕೈಬಿಟ್ಟಿತು.

ಅಷ್ಟರಲ್ಲಿ ಅದು ಹಡಗು ಹತ್ತಿ ಇಲ್ಲಿಗೂ ಬಂದಿತ್ತು. ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ 1860ರ ದಶಕದಲ್ಲಿಯೇ ಫಲಿತಾಂಶಕ್ಕೆ ತಕ್ಕ ಅನುದಾನದ ಪದ್ಧತಿ ಕಾಲಿಟ್ಟಿತು. ಮಂಗಳೂರು, ಬಳ್ಳಾರಿಗಳು ಆಗ ಮದರಾಸಿಗೆ ಸೇರಿದ್ದವು, ಧಾರವಾಡ ಮುಂಬಯಿಗೆ. ಆದ್ದರಿಂದ ಕನ್ನಡ ಮಕ್ಕಳ ಅಕ್ಷರಾಭ್ಯಾಸಕ್ಕೂ ಈ ಇತಿಹಾಸಕ್ಕೂ ಸಂಬಂಧವುಂಟು. 1882ರ ಹಂಟರ್ ಆಯೋಗ ಕಾಲೇಜುಗಳಿಗೆ ಇದು ಬೇಡವೆಂದರೂ ಪ್ರಾಥಮಿಕ ಶಾಲೆಗಳಿಗೆ ಇರಲೆಂದಿತು. ಕರ್ಜನ್ನರ ಕಾಲದ 1904ರ ಶಿಕ್ಷಣ ನಿರ್ಣಯದ ವೇಳೆಗೆ ಇದನ್ನು ಬಿಡಬೇಕೆಂಬ ತೀರ್ಮಾನವಾಯಿತು. ಪದ್ಧತಿಯೇನೋ ಹೋಯಿತು, ಅದು ಕಲಿಸಿದ ಅಂಜಿಕೆ ಅಷ್ಟು ಬೇಗ ಹೋಗಲಿಲ್ಲ.

ಈ ಪ್ರಶ್ನೆಯನ್ನು ಬೆದರಿಕೆಯಿಲ್ಲದೆ ಕೇಳಿದವರು ಅಮೆರಿಕದ ರಾಲ್ಫ್ ಟೈಲರ್. 1929ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸೇರಿದ ಟೈಲರ್ ಅಲ್ಲಿನ ಅಧ್ಯಾಪಕರನ್ನು ಕೇಳುತ್ತಿದ್ದ ಮಾತು ಸರಳವಾದುದು: ಈ ವಿಷಯವನ್ನು ಕಲಿತ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು? ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಅವರು ಅಂಗಾಂಗಗಳ ಹೆಸರುಗಳನ್ನು ಬಹುಮಟ್ಟಿಗೆ ಮರೆತಿದ್ದರು. ಆದರೆ ತತ್ತ್ವವೊಂದನ್ನು ಹೊಸ ಸಂದರ್ಭಕ್ಕೆ ಅನ್ವಯಿಸುವ ಶಕ್ತಿ ಉಳಿದಿತ್ತು. ನಾವು ಪ್ರಶ್ನಪತ್ರಿಕೆಯಲ್ಲಿ ಕೇಳುವುದು ಬೇಗ ಮರೆತುಹೋಗುವುದನ್ನು, ಕೇಳದೆ ಬಿಡುವುದು ಬಾಳಿಕೆ ಬರುವುದನ್ನು ಎಂಬ ಸತ್ಯ ಇದರಿಂದ ಹೊರಬಿತ್ತು.

ಮುಂದೆ 1933ರಿಂದ 1941ರವರೆಗೆ ನಡೆದ 'ಎಂಟು ವರ್ಷಗಳ ಅಧ್ಯಯನ'ದಲ್ಲಿ ಮೌಲ್ಯಮಾಪನದ ಹೊಣೆ ಟೈಲರರ ತಂಡದ್ದಾಯಿತು. ಮೂವತ್ತು ಪ್ರೌಢಶಾಲೆಗಳಿಗೆ ತಮಗೆ ತೋರಿದಂತೆ ಪಾಠಕ್ರಮ ರಚಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟು, ಅಲ್ಲಿಂದ ಬಂದವರನ್ನು ಎಂದಿನ ಪ್ರವೇಶ ನಿಯಮಗಳಿಲ್ಲದೆ ಸೇರಿಸಿಕೊಳ್ಳಲು ಮುನ್ನೂರಕ್ಕೂ ಹೆಚ್ಚು ಕಾಲೇಜುಗಳು ಒಪ್ಪಿದ್ದವು. ಆ ವಿದ್ಯಾರ್ಥಿಗಳಲ್ಲಿ 1,475 ಮಂದಿಯನ್ನು ಅಷ್ಟೇ ಮಂದಿ ಇತರ ಶಾಲೆಗಳ ವಿದ್ಯಾರ್ಥಿಗಳೊಡನೆ ಒಬ್ಬರಿಗೊಬ್ಬರಂತೆ ಜೋಡಿಸಿ ಕಾಲೇಜಿನಲ್ಲಿ ಹಿಂಬಾಲಿಸಿ ನೋಡಲಾಯಿತು. ಹೊಸ ಶಾಲೆಗಳವರು ಹಿಂದೆ ಬೀಳಲಿಲ್ಲ. ತುಸು ಮುಂದೆಯೇ ಇದ್ದರು. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ಇನ್ನೊಂದು ಸಂಗತಿ. ಸಾಹಿತ್ಯದ ರಸಗ್ರಹಣವನ್ನು ಕೂಡ ತಿಳಿಯುವ ಬಗೆ ಹೇಗೆಂದು ಅವರು ಚಿಂತಿಸಿದರು. ಕವಿಯ ಜನನ ಮರಣದ ತಾರೀಖುಗಳನ್ನು ಕೇಳುವ ಬದಲು, ಓದಿ ಮುಗಿಸಿದ ಮೇಲೆ ಇನ್ನಷ್ಟು ಓದಬೇಕೆನಿಸಿತೇ, ತಾನೂ ಏನನ್ನಾದರೂ ಬರೆಯಬೇಕೆನಿಸಿತೇ ಎಂದು ಕೇಳಿದರು. ಈ ವರದಿ 1942ರಲ್ಲಿ, ಯುದ್ಧದ ಗದ್ದಲದ ನಡುವೆ, ಪ್ರಕಟವಾಗತೊಡಗಿತು. ಆಗ ಗಮನಿಸಿದವರು ಕಡಮೆ.

ಟೈಲರರೊಡನೆ ಷಿಕಾಗೋದಲ್ಲಿ ಕೆಲಸ ಮಾಡಿದ ಬೆಂಜಮಿನ್ ಬ್ಲೂಮ್ 1956ರಲ್ಲಿ ತಮ್ಮ ಸಂಗಡಿಗರೊಂದಿಗೆ ಬೋಧನೆಯ ಗುರಿಗಳನ್ನು ವರ್ಗೀಕರಿಸಿದರು. ಜ್ಞಾನ, ಗ್ರಹಣ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯನಿರ್ಣಯ ಎಂಬ ಆರು ಮೆಟ್ಟಿಲುಗಳು ಅವರವು. ಮರುವರ್ಷವೇ, 1957ರಲ್ಲಿ, ಬ್ಲೂಮ್ ಭಾರತಕ್ಕೆ ಬಂದು ಅಧ್ಯಾಪಕರಿಗೆ ಕಾರ್ಯಶಿಬಿರಗಳನ್ನು ನಡೆಸಿದರು. ನೆಲ ಹದವಾಗಿಯೇ ಇತ್ತು. ವಿಶ್ವವಿದ್ಯಾನಿಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಆಗಬೇಕೆಂದರೆ ಅದು ಪರೀಕ್ಷೆಯದು ಎಂದು ರಾಧಾಕೃಷ್ಣನ್ ಆಯೋಗ 1949ರಲ್ಲಿಯೇ ಹೇಳಿತ್ತು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಹುಟ್ಟಿತು. 1961ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸ್ಥಾಪನೆಯಾದ ಮೇಲೆ ಅದರಲ್ಲಿ ಲೀನವಾಯಿತು. ನಮ್ಮ ಉಪಾಧ್ಯಾಯರೆಲ್ಲ ಬಲ್ಲ ಪ್ರಶ್ನಪತ್ರಿಕೆಯ 'ನೀಲನಕ್ಷೆ' ಈ ವಂಶದ ಕೂಸು. ಜ್ಞಾನಕ್ಕೆ ಇಷ್ಟು ಅಂಕ, ತಿಳುವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು ಎಂದು ಮೊದಲೇ ಹಂಚಿಕೆ ಮಾಡಿಕೊಳ್ಳುವ ಪಟ್ಟಿ ಅದು.

ಇದೇ ಹೊತ್ತಿಗೆ ಇನ್ನೆರಡು ಮಾತುಗಳು ಕೇಳಿಬಂದವು. ಲೀ ಕ್ರೋನ್‌ಬಾಕ್ 1963ರಲ್ಲಿ, ಪಾಠಕ್ರಮವನ್ನು ತಿದ್ದಲು ಅವಕಾಶವಿರುವಾಗಲೇ ಅದರ ಮೌಲ್ಯಮಾಪನ ನಡೆಯಬೇಕು ಎಂದು ವಾದಿಸಿದರು. ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಈ ಭೇದಕ್ಕೆ ಹೆಸರಿಟ್ಟರು: ಮಾಡುತ್ತಿರುವಾಗ ತಿದ್ದುವುದಕ್ಕಾಗಿ ನಡೆಯುವುದು ರೂಪಣಾತ್ಮಕ, ಮಾಡಿ ಮುಗಿಸಿದ ಮೇಲೆ ಬೆಲೆ ಕಟ್ಟುವುದು ಸಂಕಲನಾತ್ಮಕ. ರಾಬರ್ಟ್ ಸ್ಟೇಕ್ ಅವರದೆಂದು ಹೇಳುವ ಉಪಮೆಯನ್ನು ನಮ್ಮ ಅಡುಗೆಮನೆಗೆ ಒಗ್ಗಿಸಿ ಹೇಳುವುದಾದರೆ, ಒಲೆಯ ಮೇಲಿನ ಸಾರನ್ನು ಅಡುಗೆಯವರು ಅಂಗೈಗೆ ಬಿಟ್ಟುಕೊಂಡು ರುಚಿ ನೋಡುವುದು ಮೊದಲನೆಯದು. ಎಲೆಯ ಮುಂದೆ ಕುಳಿತವರು ರುಚಿ ನೋಡುವುದು ಎರಡನೆಯದು. ಎಲೆಗೆ ಬಡಿಸಿದ ಮೇಲೆ ಉಪ್ಪು ಕಡಮೆಯೆಂದು ತಿಳಿದರೆ ಉಂಡವರನ್ನು ದೂರಿ ಏನು ಫಲ? ಬ್ಲೂಮ್ 1968ರಲ್ಲಿ ಇನ್ನೂ ಮುಂದೆ ಹೋದರು. ಅಂಕಗಳು ಗಂಟೆಯಾಕಾರದ ರೇಖೆಯಂತೆ, ಮೇಲೆ ಕೆಲವರು, ಕೆಳಗೆ ಕೆಲವರು, ನಡುವೆ ಬಹಳ ಮಂದಿ ಎಂದು ಹರಡಿಕೊಂಡರೆ ನಾವು ಸಮಾಧಾನಪಡುತ್ತೇವೆ. ಆ ರೇಖೆ ಆಕಸ್ಮಿಕಗಳಿಗೆ ತಕ್ಕದ್ದು; ಉದ್ದೇಶಪೂರ್ವಕವಾಗಿ ಕಲಿಸಿದಲ್ಲಿ ಅದು ಹಾಗೆಯೇ ಉಳಿದರೆ ನಮ್ಮ ಪ್ರಯತ್ನ ಸಫಲವಾಗಿಲ್ಲವೆಂದೇ ತಿಳಿಯಬೇಕು ಎಂಬುದು ಅವರ ವಾದದ ಸಾರ.

ಇಷ್ಟೆಲ್ಲ ವಿಚಾರ ಬಂದರೂ ನೋಟದ ದಿಕ್ಕು ಬದಲಾಯಿತೇ? ನಾನು ಹಲವು ವರ್ಷ ಕನ್ನಡದ ಉತ್ತರಪತ್ರಿಕೆಗಳನ್ನು ತಿದ್ದಿದವನು. ಒಮ್ಮೆ ಒಂದು ಕಟ್ಟಿನಲ್ಲಿ ಅಲಂಕಾರದ ಪ್ರಶ್ನೆಗೆ ಮಕ್ಕಳೆಲ್ಲ ರೂಪಕವನ್ನು ಉಪಮೆಯೆಂದೇ ಬರೆದಿದ್ದರು. ಕೊಟ್ಟ ಉದಾಹರಣೆಯೂ ಒಂದೇ, ಸಮನ್ವಯದ ವಾಕ್ಯವೂ ಒಂದೇ. ಅದು ನಕಲು ಮಾಡಿದ್ದಲ್ಲ. ಉಳಿದ ಉತ್ತರಗಳು ಒಂದೊಂದೂ ಬೇರೆ ಬೇರೆಯಾಗಿದ್ದವು. ಹೇಳಿಕೊಟ್ಟದ್ದನ್ನು ಮಕ್ಕಳು ಶ್ರದ್ಧೆಯಿಂದ ಕಲಿತಿದ್ದರು, ಅಷ್ಟೆ. ನಿಯಮದಂತೆ ಎಲ್ಲರಿಗೂ ಸೊನ್ನೆ ಬಿದ್ದಿತು. ತಪ್ಪು ಎಲ್ಲಿ ಹುಟ್ಟಿತೆಂಬುದು ಆ ಕಟ್ಟಿನಲ್ಲಿ ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಅದನ್ನು ಬರೆಯಲು ಅಂಕಪಟ್ಟಿಯಲ್ಲಿ ಒಂದು ಅಂಕಣವೂ ಇರಲಿಲ್ಲ.

2009ರ ಶಿಕ್ಷಣದ ಹಕ್ಕಿನ ಕಾಯಿದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಬಾರದೆಂದಿತು. ಸ್ಕ್ರಿವೆನ್ನರ ಎರಡು ಪದಗಳು ಹಳ್ಳಿಯ ಶಾಲೆಯ ದಾಖಲೆ ಪುಸ್ತಕದವರೆಗೂ ಬಂದವು. ಆದರೆ ರೂಪಣಾತ್ಮಕ ಎಂಬುದು ಎಷ್ಟೋ ಕಡೆ ಇನ್ನೊಂದು ಕಿರುಪರೀಕ್ಷೆಯಾಗಿ, ತುಂಬಬೇಕಾದ ಇನ್ನೊಂದು ಅಂಕಣವಾಗಿ ನಿಂತಿತು. 2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ, ಎರಡನೆಯ ಅವಕಾಶದಲ್ಲಿಯೂ ತೇರ್ಗಡೆಯಾಗದವರನ್ನು ಉಳಿಸಿಕೊಳ್ಳುವ ಅಧಿಕಾರವನ್ನು ಮತ್ತೆ ಕೊಟ್ಟಿತು. ನಪಾಸು ಮಾಡಬೇಕೇ ಬೇಡವೇ ಎಂಬ ವಾದ ಜೋರಾಗಿ ನಡೆಯಿತು. ಎರಡು ಪಕ್ಷಗಳವರ ಬಾಯಲ್ಲೂ ಹೆಚ್ಚಾಗಿ ಕೇಳಿಬಂದದ್ದು ಮಗುವಿನ ಮಾತು. ಪಾಠದ ಮಾತು ಕಡಮೆ.

ಲೋ ಅವರ ದಾರಿ ಬೇಡ. ಗುರುವಿನ ಸಂಬಳಕ್ಕೆ ಕತ್ತರಿ ಹಾಕಿ ಪಾಠವನ್ನು ಸುಧಾರಿಸಲಾಗದೆಂಬುದನ್ನು ಆರ್ನಲ್ಡ್ ನೂರೈವತ್ತು ವರ್ಷಕ್ಕೂ ಹಿಂದೆಯೇ ಕಂಡು ಹೇಳಿದ್ದಾರೆ. ಗುರುವನ್ನು ದಂಡಿಸದೆ ಪಾಠವನ್ನು ಪ್ರಶ್ನಿಸುವುದನ್ನು ನಾವು ಕಲಿಯಬೇಕಾಗಿದೆ. ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಪ್ರತಿಯೊಂದು ಫಲಿತಾಂಶದ ಪಟ್ಟಿಯ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು, ಯಾವ ಪಾಠವನ್ನು ಮುಂದಿನ ವರ್ಷ ಬೇರೆ ರೀತಿಯಲ್ಲಿ ಕಲಿಸಬೇಕೆಂಬುದನ್ನು ತಿದ್ದಿದವರು ಬರೆಯಲಿ, ಕಲಿಸುವವರು ಓದಲಿ. ಆ ಒಂದು ಸಾಲು ತುಂಬಿದ ದಿನ ಪರೀಕ್ಷೆಯೆಂಬ ಪದಕ್ಕೆ ಅದರ ಮೊದಲ ಅರ್ಥ ಮರಳಿ ದೊರೆಯುತ್ತದೆ.